ಬ್ಯಾಡ್ಜ್ ಒಂದು, ಎಂಜಿನ್ ಇನ್ನೊಂದು

ಆಗಸ್ಟ್ ಬಂದರೆ ಡೆಟ್ರಾಯಿಟ್ ಹೊರವಲಯದ ವುಡ್‌ವರ್ಡ್ ರಸ್ತೆಯಲ್ಲಿ ಹಳೇ ಕಾರುಗಳದ್ದೇ ಜಾತ್ರೆ. ಇವತ್ತು 1970ರ ಷೆವೆಲ್ (ಷೆವರ್ಲೆ ಕಂಪನಿಯ ಕಾರು) ಒಂದರ ಬಾನೆಟ್ ಎತ್ತಿಟ್ಟುಕೊಂಡು, ಒಳಗಿರುವುದು ಅಸಲಿ ಎಂಜಿನ್ನೋ ಅಲ್ಲವೋ ಅಂತ ಇಬ್ಬರು ಅಜ್ಜಂದಿರು ಜೋರು ವಾದ ಮಾಡುತ್ತಿದ್ದರು. ನನ್ನ ಐಸ್‌ಕ್ರೀಮ್ ಕರಗುವವರೆಗೂ ನಿಂತು ಕೇಳಿದೆ.

ಕಾರಿನ ಬ್ಯಾಡ್ಜ್‌ನಲ್ಲಿ 396 ಅಂತಿದೆ, ಅಂದರೆ ಎಂಜಿನ್ ಸಿಲಿಂಡರ್‌ಗಳ ಒಟ್ಟು ಅಳತೆ, ಕ್ಯೂಬಿಕ್ ಇಂಚುಗಳಲ್ಲಿ. ಆದರೆ ಆ ವರ್ಷದ ಹೊತ್ತಿಗೆ ಷೆವರ್ಲೆಯವರು ಎಂಜಿನ್ನನ್ನು 402 ಕ್ಯೂಬಿಕ್ ಇಂಚಿಗೆ ಹಿಗ್ಗಿಸಿದ್ದರು. 396 ಅನ್ನುವ ಹೆಸರು ಚೆನ್ನಾಗಿ ಓಡುತ್ತಿತ್ತಲ್ಲ, ಅದನ್ನು ಬಿಡಲಿಲ್ಲ. ಫ್ಯಾಕ್ಟರಿಯೇ ಹೇಳಿದ ಸಣ್ಣ ಸುಳ್ಳು!

ಆಮೇಲೆ ನಂಬರ್ ವಿಚಾರ. ಎಂಜಿನ್ನಿನ ಬಲಗಡೆ ಹೆಡ್‌ನ (ಸಿಲಿಂಡರ್‌ಗಳ ಮುಚ್ಚಳದ) ಮುಂದೆ, ಬ್ಲಾಕ್ ಅಂದರೆ ಎಂಜಿನ್ನಿನ ಮುಖ್ಯ ದೇಹದ ಮೇಲೆ ಒಂದು ಚಪ್ಪಟೆ ಜಾಗ. ಎಂಜಿನ್ ಕೋಡು, ಕಾರಿನ ಸೀರಿಯಲ್ ನಂಬರು ಅಲ್ಲೇ ಒತ್ತಿರುತ್ತಾರೆ. ಅದು ಕಾರಿನ ನಂಬರಿಗೆ ತಾಳೆಯಾದರೆ ಬೆಲೆ ಜಾಸ್ತಿ. ಅದಕ್ಕೇ ಹಳೆಯದನ್ನು ಉಜ್ಜಿ ಹೊಸದು ಒತ್ತುವ ಖದೀಮರೂ ಇದ್ದಾರೆ. ಒಬ್ಬ ಅಜ್ಜ ಟಾರ್ಚ್ ಬಿಟ್ಟು ನೋಡಿದ್ದು ಅಂಕಿಯನ್ನಲ್ಲ, ಅದರ ಸುತ್ತ ಫ್ಯಾಕ್ಟರಿ ಮೆಷಿನ್ ಬಿಟ್ಟ ಸಣ್ಣ ಗೆರೆಗಳನ್ನು.

ನನಗನಿಸಿದ್ದು, ಮೊದಲ ಮಾಲೀಕ ಯಾವುದೋ ರೇಸಿನಲ್ಲಿ ಎಂಜಿನ್ ಹಾಳುಮಾಡಿ ಬೇರೆ ಹಾಕಿಸಿದ್ದರೆ, ಅದೂ ಆ ಕಾರಿನ ಕಥೆಯೇ ಅಲ್ವಾ? ಕೇಳೋಣ ಅಂದುಕೊಂಡೆ. ಅಷ್ಟರಲ್ಲಿ ಕಾರಿನವನು ಸುಮ್ನೆ ಕೀ ತಿರುಗಿಸಿದ. ಇಬ್ಬರೂ ಗಪ್‌ಚುಪ್.