‘ಬಿಟ್ಟಿ ಸಿಗೋ ಗಣಿಪುಡಿಯಲ್ಲೇ ಹೊಗೆ ತೊಳೀಬಹುದಲ್ವಾ?’ ತೊಳೀಬಹುದು. ಈಗ ಪೂರ್ತಿ ಕೇಳಿ

ಪ್ರಶ್ನೆಯ ಧಾಟಿ ಯಾವಾಗಲೂ ಒಂದೇ: “ಕ್ವಾರಿ ಪಕ್ಕ ಸುಣ್ಣಕಲ್ಲಿನ ಪುಡಿ ಗುಡ್ಡಗುಡ್ಡವಾಗಿ ಬಿದ್ದಿದೆ. ಅತ್ತ ಥರ್ಮಲ್ ಸ್ಥಾವರದ ಚಿಮಣಿಯಲ್ಲಿ ಗಂಧಕದ ಹೊಗೆ. ಇದನ್ನ ಅದಕ್ಕೆ ಹಾಕಿದ್ರೆ ಎರಡೂ ಕಸ ಖಾಲಿ, ಅಲ್ವಾ ಸರ್?”

ಈ “ಎರಡೂ ಕಸ ಖಾಲಿ” ಕೇಳಿದಾಗಲೆಲ್ಲ ಮೈ ಉರಿಯುತ್ತದೆ. ಯಾವುದೂ ಖಾಲಿಯಾಗುವುದಿಲ್ಲ ಸ್ವಾಮಿ. ಗಂಧಕದ ಹೊಗೆ ಅಂದರೆ ಸಲ್ಫರ್ ಡೈಆಕ್ಸೈಡ್. ಅದನ್ನು 1 ಟನ್ ಹಿಡಿಯಲು ಸುಣ್ಣಕಲ್ಲಿನ ಸಾರವಾದ ಕ್ಯಾಲ್ಸಿಯಂ ಕಾರ್ಬೊನೇಟ್, ಅದೂ ಶುದ್ಧವಾದದ್ದು, 1.56 ಟನ್ ಬೇಕು. ಕೊನೆಗೆ ಕೈಗೆ ಬರುವುದು 2.69 ಟನ್ ಜಿಪ್ಸಂ, ಜೊತೆಗೆ ಸುಮಾರು 0.69 ಟನ್ ಕಾರ್ಬನ್ ಡೈಆಕ್ಸೈಡ್ ಗಾಳಿಗೆ. ಗುಡ್ಡ ಕರಗಲಿಲ್ಲ, ಜಾಗ ಬದಲಾಯಿಸಿ ದಪ್ಪವಾಯಿತು.

ಕೆಲಸ ನಡೆಯುವುದು ಹೀಗೆ. ಕಲ್ಲನ್ನು 44 ಮೈಕ್ರಾನ್ ಜರಡಿಯಲ್ಲಿ ನೂರಕ್ಕೆ 90 ಪಾಲು ಇಳಿಯುವಷ್ಟು ನುಣ್ಣಗೆ ಅರೆದು, ನೀರು ಸೇರಿಸಿ ಸ್ಲರಿ (ತೆಳು ಕೆಸರು) ಮಾಡಿ, ಹೊಗೆ ತೊಳೆಯುವ ಅಬ್ಸಾರ್ಬರ್ ಗೋಪುರದಲ್ಲಿ ಮೇಲಿನಿಂದ ಸಿಂಪಡಿಸುತ್ತಾರೆ. ಹೊಗೆ ಕೆಳಗಿನಿಂದ ಏರುತ್ತದೆ. ಹಿಡಿದ ಗಂಧಕ ಮೊದಲು ಸಲ್ಫೈಟ್ ಆಗುತ್ತದೆ, ತಳದ ತೊಟ್ಟಿಗೆ ಗಾಳಿ ಊದಿದರೆ ಅದೇ ಜಿಪ್ಸಂ ಆಗುತ್ತದೆ. ಸ್ಲರಿಯ ಪಿಎಚ್ (ಆಮ್ಲ-ಕ್ಷಾರದ ಅಳತೆ) 5ರಿಂದ 5.8ರ ಒಳಗಿರಬೇಕು. ಇಳಿದರೆ ಗಂಧಕ ಹಿಡಿಯುವುದಿಲ್ಲ, ಏರಿದರೆ ಕಲ್ಲು ಕರಗುವುದಿಲ್ಲ. ಈ ಇಕ್ಕಟ್ಟಿನಲ್ಲಿ ನಡೆಯುವ ಯಂತ್ರಕ್ಕೆ ಸಿಕ್ಕಿದ ಪುಡಿ ಸುರಿಯಿರಿ ಅನ್ನುತ್ತಿದ್ದೀರಿ.

ಮಾರ್ಬಲ್ ಕೊಯ್ಯುವಾಗ ಬರುವ ಕೆಸರನ್ನೇ ನೋಡಿ. ರಾಜಸ್ಥಾನದ ಕಿಶನ್‌ಗಢದಲ್ಲಿ ಅದು ಹಿಮದ ಬಯಲಿನಂತೆ ಹರಡಿಕೊಂಡಿದೆ, ಜನ ಮದುವೆಗೆ ಮುಂಚಿನ ಫೋಟೊ ತೆಗೆಸಲು ಹೋಗುತ್ತಾರೆ. ಆಗಲೇ ನುಣುಪಾಗಿರುವುದರಿಂದ ಅರೆಯುವ ಖರ್ಚು ಉಳಿಯುತ್ತದೆ, ನಿಜ. ಆದರೆ ಅದೇ ರಾಜಸ್ಥಾನದ ಮಕ್ರಾನಾದ ಮಾರ್ಬಲ್ ಕ್ಯಾಲ್ಸೈಟ್ (ಕ್ಯಾಲ್ಸಿಯಂ ಕಾರ್ಬೊನೇಟೇ), ರಾಜಸಮಂದದ್ದು ಬಹುಪಾಲು ಡಾಲಮೈಟ್ (ಕ್ಯಾಲ್ಸಿಯಂ ಜೊತೆ ಮೆಗ್ನೀಸಿಯಂ ಸೇರಿದ ಕಾರ್ಬೊನೇಟ್). ಕೊಯ್ಯುವ ಯಂತ್ರಕ್ಕೆ ಎರಡೂ ಒಂದೇ, ಅಬ್ಸಾರ್ಬರ್‌ಗೆ ಅಲ್ಲ. ಡಾಲಮೈಟ್ ಕರಗಲು ತಡ ಮಾಡಿ, ಅರ್ಧಂಬರ್ಧ ಹಾಗೇ ಜಿಪ್ಸಂಗೆ ಹೋಗಿ ಕೂರುತ್ತದೆ. ಅಂಚು ಒಡೆಯದಿರಲು ಚಪ್ಪಡಿಗೆ ಹಚ್ಚಿದ ರೆಸಿನ್ ಬೇರೆ ಅದರೊಳಗಿರುತ್ತದೆ.

ಲ್ಯಾಬ್ ರಿಪೋರ್ಟ್ ಹಿಡಿದು ಬರುವವರಿಗೊಂದು ಕಿವಿಮಾತು. ಆಮ್ಲ ಹಾಕಿ ಎಷ್ಟು ಖರ್ಚಾಯಿತು ಅಂತ ಅಳೆಯುವ ಟೈಟ್ರೇಶನ್ ಮಾಡಿದರೆ ಡಾಲಮೈಟಿನ ಮೆಗ್ನೀಸಿಯಂ ಕೂಡ ಕ್ಯಾಲ್ಸಿಯಂ ಲೆಕ್ಕಕ್ಕೇ ಸೇರಿಬಿಡುತ್ತದೆ. ಶುದ್ಧ ಡಾಲಮೈಟ್ 108 ಪರ್ಸೆಂಟ್ ಕ್ಯಾಲ್ಸಿಯಂ ಕಾರ್ಬೊನೇಟ್ ಅಂತ ತೋರಿಸುತ್ತದೆ! ನೂರು ದಾಟಿದ್ದಕ್ಕೆ ಸಿಹಿ ಹಂಚಬೇಡಿ. ಎರಡು ಗ್ಲಾಸಿನಲ್ಲಿ ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲ ಇಟ್ಟು ಚಿಟಿಕೆ ಪುಡಿ ಹಾಕಿ. ಕ್ಯಾಲ್ಸೈಟ್ ಬಿದ್ದ ಕೂಡಲೇ ಸೋಡಾ ಬಾಟಲಿಯ ಹಾಗೆ ನೊರೆಯುಕ್ಕುತ್ತದೆ. ಡಾಲಮೈಟ್ ತಳದಲ್ಲಿ ಕೂತು ಒಂದೊಂದೇ ಗುಳ್ಳೆ ಬಿಡುತ್ತದೆ, ಗ್ಲಾಸು ಬಿಸಿ ಮಾಡಿದರೆ ಆಗ ಚುರುಕಾಗುತ್ತದೆ.

ನಮ್ಮ ಕಡೆಯವರು ಕೇಳುವುದು ಶಹಾಬಾದ್ ಕಲ್ಲಿನ ಬಗ್ಗೆ. ಕಲಬುರಗಿ ಕಡೆಯ ನೆಲಹಾಸಿನ ಕಲ್ಲು, ಅದೂ ಸುಣ್ಣಕಲ್ಲೇ. ಆದರೆ ಪದರದಿಂದ ಪದರಕ್ಕೆ ಸಿಲಿಕ, ಜೇಡಿಯ ಪಾಲು ಬದಲಾಗುತ್ತದೆ. ಸಿಲಿಕ ಪಂಪಿನ ಇಂಪೆಲ್ಲರ್ (ತಿರುಗುವ ಚಕ್ರ), ಸ್ಲರಿ ಸಿಂಪಡಿಸುವ ನಾಝಲ್‌ಗಳನ್ನು ತಿನ್ನುತ್ತದೆ. ಜೇಡಿ ಫಿಲ್ಟರ್ ಬಟ್ಟೆಯ ಕಣ್ಣು ಮುಚ್ಚಿ ಜಿಪ್ಸಂ ಒಣಗಲು ಬಿಡುವುದಿಲ್ಲ. ಇನ್ನೊಂದು ಕಿತಾಪತಿಯೂ ಇದೆ: ಜೇಡಿಯ ಮತ್ತು ಹಾರುಬೂದಿಯ ಅಲ್ಯುಮಿನಿಯಂ ಹೊಗೆಯ ಫ್ಲೋರೈಡ್ ಜೊತೆ ಸೇರಿ ಸುಣ್ಣಕಲ್ಲಿನ ಕಣಕ್ಕೆ ಪೊರೆ ಕಟ್ಟುತ್ತದೆ. ಪಿಎಚ್ ಇಳಿಯುತ್ತದೆ, ಆಪರೇಟರ್ ಇನ್ನಷ್ಟು ಸ್ಲರಿ ಬಿಡುತ್ತಾನೆ, ಆದರೂ ಏರುವುದಿಲ್ಲ. ಆಗ ಪುಡಿ ನಿಲ್ಲಿಸಿ, ಕಾಸ್ಟಿಕ್ ಸೋಡಾ ಕೊಟ್ಟು, ತೊಟ್ಟಿಯ ಹಳೆಯ ಸ್ಲರಿಯನ್ನು ಹೊರಗೆ ತೆಗೆಯಬೇಕು. ಪುಡಿ ಹೆಚ್ಚು ಸುರಿದಷ್ಟೂ ಜಿಪ್ಸಂ ಹಾಳು.

ಕೇಳಬೇಕಾದ ಪ್ರಶ್ನೆಯನ್ನು ಒಬ್ಬರೂ ಕೇಳುವುದಿಲ್ಲ: ತೊಳೆದ ಮೇಲೆ ಬಂದದ್ದನ್ನು ಕೊಳ್ಳುವವರು ಯಾರು?

ಲೆಕ್ಕ ಹಾಕೋಣ. 500 ಮೆಗಾವ್ಯಾಟ್ ಘಟಕ, ಗಂಟೆಗೆ 325 ಟನ್ ಕಲ್ಲಿದ್ದಲು, ಅದರಲ್ಲಿ 0.5 ಪರ್ಸೆಂಟ್ ಗಂಧಕ ಅಂದುಕೊಳ್ಳಿ. ಹುಟ್ಟಿದ್ದರಲ್ಲಿ ನೂರಕ್ಕೆ 95 ಪಾಲು ಹಿಡಿಯಬೇಕು ಅಂದರೆ ಗಂಟೆಗೆ ಸಲ್ಫರ್ ಡೈಆಕ್ಸೈಡ್ ಸುಮಾರು 3.1 ಟನ್. ಲೆಕ್ಕಕ್ಕಿಂತ ತುಸು ಹೆಚ್ಚೇ ಹಾಕಿದರೂ 90 ಪರ್ಸೆಂಟ್ ಶುದ್ಧ ಕಲ್ಲಾದರೆ 5.6 ಟನ್ ಸಾಕು, 70 ಪರ್ಸೆಂಟಿನ ಗಣಿಪುಡಿಯಾದರೆ 7.3 ಟನ್. ವ್ಯತ್ಯಾಸ ಲಾರಿ ಬಾಡಿಗೆಯಷ್ಟೇ ಅನ್ನಬೇಡಿ. ಕರಗದ ಭಾಗವೆಲ್ಲ ಜಿಪ್ಸಂನಲ್ಲೇ ಉಳಿಯುತ್ತದೆ. ಮೊದಲ ಲೆಕ್ಕದಲ್ಲಿ ಜಿಪ್ಸಂ ಶುದ್ಧತೆ 91ರ ಆಸುಪಾಸು, ಎರಡನೆಯದರಲ್ಲಿ 77. ಮೊದಲನೆಯದನ್ನು ಜಿಪ್ಸಂ ಬೋರ್ಡ್ ಮಾಡುವವರು ಕಣ್ಣೆತ್ತಿಯಾದರೂ ನೋಡುತ್ತಾರೆ, ಎರಡನೆಯದಕ್ಕೆ ಸಿಮೆಂಟಿನವರೇ ಗತಿ, ಅದೂ ಅವರು ಹೇಳಿದ ದರಕ್ಕೆ. ಬಿಟ್ಟಿ ಬಂದ ಪುಡಿಯ ಬಿಲ್ಲು ಇಲ್ಲಿ ಬರುತ್ತದೆ.

“ಹಾಗಾದ್ರೆ ಕೆಂಪು ಕೆಸರು?” ಅದು ಬಾಕ್ಸೈಟಿನಿಂದ ಅಲ್ಯುಮಿನ ತೆಗೆದ ಮೇಲೆ ಉಳಿಯುವ ಕ್ಷಾರದ ಕೆಸರು. ಸೋಡಾ ಅಂಶ ಇರುವುದರಿಂದ ಹೊಗೆಯ ಗಂಧಕವನ್ನು ಚೆನ್ನಾಗಿಯೇ ಹಿಡಿಯುತ್ತದೆ, ಕ್ಷಾರವೂ ಇಳಿಯುತ್ತದೆ. ಅಲ್ಯುಮಿನ ಕಾರ್ಖಾನೆಯ ಸ್ವಂತ ಬಾಯ್ಲರ್ ಹೊಗೆಗಾದರೆ ನಾನೂ ಹೂಂ ಅನ್ನುತ್ತೇನೆ. ಆದರೆ ಸೋಡಿಯಂ ಸಲ್ಫೇಟ್ ನೀರಿನಲ್ಲಿ ಕರಗಿಯೇ ಉಳಿಯುತ್ತದೆ, ಆ ನೀರಿಗೊಂದು ದಾರಿ ಮಾಡಬೇಕು. ಕೆಸರಿನ ರಾಶಿಯಂತೂ ಹಾಗೇ ಇರುತ್ತದೆ. ನೂರಾರು ಕಿಲೋಮೀಟರ್ ದೂರದ ವಿದ್ಯುತ್ ಸ್ಥಾವರಕ್ಕೆ ಅದನ್ನು ಸಾಗಿಸುವ ಯೋಜನೆ ಇದ್ದರೆ ಡೀಸೆಲ್ ಲೆಕ್ಕವನ್ನೂ ತನ್ನಿ.

ಇನ್ನು, ಹೊಗೆಯ ಗಂಧಕಕ್ಕೆ 2015ರಲ್ಲಿ ಹಾಕಿದ ಮಿತಿಗೆ ತಕ್ಕಂತೆ ಈ ಹೊಗೆ ತೊಳೆಯುವ ಯಂತ್ರ ಕೂರಿಸಬೇಕಿದ್ದ ಥರ್ಮಲ್ ಸ್ಥಾವರಗಳಲ್ಲಿ ಹೆಚ್ಚಿನವಕ್ಕೆ 2025ರ ಜುಲೈನಲ್ಲಿ ಕೇಂದ್ರ ಸರ್ಕಾರವೇ ವಿನಾಯಿತಿ ಕೊಟ್ಟಿದೆ. ಪುಡಿ ಮಾರಲು ಹೊರಟವರು ಮೊದಲು ಗಿರಾಕಿ ಇದ್ದಾನೋ ನೋಡಿಕೊಳ್ಳಿ.

ಇದ್ದಾನೆ ಅಂತಾದರೆ ರಾಶಿಯ ಮೇಲಿನ ಒಂದು ಹಿಡಿ ತಂದು ತೋರಿಸಬೇಡಿ. ಮಳೆಗೆ ತೊಳೆದ ಮೇಲ್ಪದರ ಬಿಟ್ಟು, ಹತ್ತು ಕಡೆ ಅಗೆದು, ಬೆರೆಸಿ, ನಾಲ್ಕು ಪಾಲು ಮಾಡಿ ಎದುರುಬದುರಿನ ಎರಡನ್ನು ಉಳಿಸಿಕೊಳ್ಳಿ, ಐದಾರು ಕಿಲೋ ಆಗುವವರೆಗೆ ಹೀಗೇ ಮಾಡಿ. ಚೀಲದ ಮೇಲೆ ಯಾವ ಕ್ವಾರಿ, ಯಾವ ಪದರ ಅಂತ ಬರೆದಿರಲಿ.