ಒಂದು ಮೊಳದೊಳಗೆ ಫ್ಯೂಸ್

"ಏನೂ ಆಗಲ್ಲ ಸಾರ್."

ಶನಿವಾರದಿಂದ ಈ ಮಾತು ಕಿವಿಯಿಂದ ಹೋಗುತ್ತಿಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಒಂದು ಅಂಗಡಿ ಮುಂದೆ ಕಾರು ನಿಲ್ಲಿಸಿದ್ದೆ. ಡಿಕ್ಕಿಯಲ್ಲಿ ಹಾಡಿನ ಸದ್ದು ಜೋರು ಮಾಡುವ ಆಂಪ್ಲಿಫೈಯರ್, ಅಂದರೆ ಆಂಪ್, ಕೂರಿಸಬೇಕಿತ್ತು. ಹುಡುಗ ಅದನ್ನು ಹಿಂದಿನ ಸೀಟಿನ ಬುಡಕ್ಕೆ ಒತ್ತಿ ಇಟ್ಟ. ಪೆನ್ಸಿಲ್‌ನಲ್ಲಿ ನಾಲ್ಕು ಗುರುತು ಹಾಕಿದ. ಡ್ರಿಲ್ ಎತ್ತಿಕೊಂಡ.

"ಕೆಳಗೆ ಏನಿದೆ ಅಂತ ನೋಡಿದ್ಯಾ?" ಅಂದೆ.

"ಏನೂ ಇರಲ್ಲ ಸಾರ್. ಏನೂ ಆಗಲ್ಲ."

ಮನಸ್ಸು ತಡೆಯಲಿಲ್ಲ. ಮೊಬೈಲ್ ಟಾರ್ಚ್ ಹಾಕಿ ಕಾರಿನ ಕೆಳಗೆ ಬಗ್ಗಿ ನೋಡಿದೆ. ಮುಂದಿನ ಎರಡು ಗುರುತುಗಳ ಕೆಳಗೇ ಪೆಟ್ರೋಲ್ ಟ್ಯಾಂಕಿನ ಅಂಚು ಇತ್ತು. ಪಕ್ಕದಲ್ಲೇ ಪೈಪು. ನನ್ನ ಕೈ ತಣ್ಣಗಾಯಿತು.

ಆಮೇಲೆ ಫ್ಯೂಸ್ ಬಗ್ಗೆ ಕೇಳಿದೆ. "ಆಂಪಲ್ಲೇ ಇದೆಯಲ್ಲ ಸಾರ್" ಅಂದ. ಇದೆ, ನಿಜ. ಆದರೆ ಅದು ಕಾಯುವುದು ಆಂಪನ್ನು. ಬ್ಯಾಟರಿಯಿಂದ ಡಿಕ್ಕಿವರೆಗೆ ನಾಲ್ಕೈದು ಮೀಟರ್ ದಪ್ಪ ವೈರ್ ಹೋಗುತ್ತದಲ್ಲ, ಅದನ್ನು ಯಾರು ಕಾಯಬೇಕು? ಇಂಜಿನ್ ಪಕ್ಕದ ತಗಡಿನ ತೂತಿಗೆ ಉಜ್ಜಿ ಉಜ್ಜಿ ವೈರಿನ ಸಿಪ್ಪೆ ಹರಿದು ಒಳಗಿನ ತಾಮ್ರ ತಗಡಿಗೆ ತಗುಲಿದರೆ, ಬ್ಯಾಟರಿಯ ಶಕ್ತಿಯೆಲ್ಲ ಆ ಒಂದು ವೈರಿನಲ್ಲೇ ಹರಿದು ಅದು ಕೆಂಡವಾಗುತ್ತದೆ. ಆ ವೈರ್ ಹೋಗುವುದು ಕಾರ್ಪೆಟ್ ಕೆಳಗೆ. ಅದರ ಮೇಲೆ ಕಾಲಿಟ್ಟು ಕೂರುವುದು ನನ್ನ ಮಗಳು.

ಆಂಪ್ ಎತ್ತಿಕೊಂಡು ವಾಪಸ್ ಬಂದೆ.

ಮರುದಿನ ನಮ್ಮ ಬಡಾವಣೆಯ ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಹೋದೆ. ಅರವತ್ತು ದಾಟಿದ ಯಜಮಾನರು. ಆಂಪನ್ನು ಮುಟ್ಟುವ ಮೊದಲೇ ಗೋಣಿಚೀಲ ಹಾಸಿ ಕಾರಿನ ಕೆಳಗೆ ಮಲಗಿಬಿಟ್ಟರು. ನನಗೆ ಅಷ್ಟೇ ಸಾಕಾಗಿತ್ತು. ತಗಡು ಕೊರೆಯಲೇ ಇಲ್ಲ. ಪ್ಲೈವುಡ್ ಹಲಗೆ ಕತ್ತರಿಸಿ, ಸೀಟಿನಿಂದ ದೂರ, ಮೊದಲೇ ಇದ್ದ ಬೋಲ್ಟ್‌ಗಳಿಗೇ ಬಿಗಿದು, ಆಂಪನ್ನು ಅದರ ಮೇಲೆ ಕೂರಿಸಿದರು. ಸುತ್ತ ಗಾಳಿ ಆಡಲು ಜಾಗ ಬಿಟ್ಟರು. ಅರ್ಥ್ ವೈರಿಗಾಗಿ ಪೇಂಟನ್ನು ಹೊಳೆಯುವ ತಗಡು ಕಾಣುವವರೆಗೆ ಕೆರೆದರು. ಪವರ್ ವೈರ್ ಒಂದು ಪಕ್ಕ, ಹಾಡಿನ ವೈರ್ ಇನ್ನೊಂದು ಪಕ್ಕ. ಎರಡೂ ಜೊತೆಗೆ ಹೋದರೆ ಆಕ್ಸಿಲರೇಟರ್ ಒತ್ತಿದಂತೆಲ್ಲ ಸ್ಪೀಕರಿನಲ್ಲಿ ಕುಯ್ ಅನ್ನುವ ಸದ್ದು ಸೇರಿಕೊಳ್ಳಬಹುದು. ತಗಡಿನ ತೂತಿಗೆ ರಬ್ಬರ್ ಬುಷ್ ಹಾಕಿದರು. ಕೊನೆಗೆ ಬ್ಯಾಟರಿ ಹತ್ತಿರ 60 ಆಂಪಿಯರ್ ಫ್ಯೂಸ್.

"ಬ್ಯಾಟರಿಯಿಂದ ಒಂದು ಮೊಳದೊಳಗೆ ಇರಬೇಕು ಸ್ವಾಮಿ" ಅಂತ ತಮ್ಮ ಕೈಯನ್ನೇ ಅಳತೆ ಇಟ್ಟು ತೋರಿಸಿದರು. ಬೇರೆ ಏನೂ ಹೇಳಲಿಲ್ಲ. ಇಂಥವರು ನಮ್ಮ ಬೀದಿಯಲ್ಲೇ ಇರುವಾಗ ನಾನು ಯಾಕೆ ಅಷ್ಟು ದೂರ ಹೋದೆನೋ.

ಆ ಹುಡುಗ ಕೆಟ್ಟವನಲ್ಲ. ಹತ್ತೊಂಬತ್ತು ಇಪ್ಪತ್ತು ಇರಬಹುದು. ಕೈ ಚುರುಕು. ನನಗೆ ಕೋಪ ಬಂದದ್ದು ಕುರ್ಚಿಯಲ್ಲಿ ಕೂತು ಎಲ್ಲವನ್ನೂ ನೋಡುತ್ತಿದ್ದ ಮಾಲೀಕರ ಮೇಲೆ. ಬಗ್ಗಿ ನೋಡು ಅಂತ ಹುಡುಗನಿಗೆ ಒಂದು ದಿನವೂ ಹೇಳಿಕೊಟ್ಟಿಲ್ಲ ಅನ್ನಿಸಿತು.

"ಏನೂ ಆಗಲ್ಲ" ನಾವೂ ಹೇಳುತ್ತೇವೆ. ಬಿರುಕು ಬಿಟ್ಟ ಗ್ಯಾಸ್ ಪೈಪ್ ನೋಡಿ ಹೇಳುತ್ತೇವೆ. ಇಲ್ಲೇ ಅಂಗಡಿಗೆ ತಾನೇ ಅಂತ ಹೆಲ್ಮೆಟ್ ಬಿಟ್ಟು ಹೊರಡುವಾಗ ಹೇಳುತ್ತೇವೆ. ಕಷ್ಟ ಏನೆಂದರೆ, ಜಾಸ್ತಿ ಸಲ ನಿಜವಾಗಿಯೂ ಏನೂ ಆಗುವುದಿಲ್ಲ. ಆ ಹುಡುಗ ಇದುವರೆಗೆ ನೂರಾರು ಕಾರು ಕೊರೆದಿರಬೇಕು. ಏನೂ ಆಗಿಲ್ಲ. ಅವನ ಪಾಲಿಗೆ ಅದೇ ಪಾಠ, ಅಲ್ವಾ?

ಕೋಪದಲ್ಲಿ ಸುಮ್ನೆ ಬಂದುಬಿಟ್ಟೆ. ಅವನನ್ನೂ ಪಕ್ಕದಲ್ಲಿ ಬಗ್ಗಿಸಿ ಟ್ಯಾಂಕಿನ ಅಂಚು ತೋರಿಸಬೇಕಿತ್ತು. ಇವತ್ತೂ ಯಾರದೋ ಡಿಕ್ಕಿಯಲ್ಲಿ ಪೆನ್ಸಿಲ್ ಗುರುತು ಹಾಕುತ್ತಿರುತ್ತಾನೆ. ಈ ಶನಿವಾರ ಮತ್ತೆ ಹೋಗುತ್ತೇನೆ. ಟಾರ್ಚ್ ಅವನ ಕೈಗೇ ಕೊಡಬೇಕು.