ಬೋರ್ಡೇ ಇಲ್ಲದ ಸೀಮೆಯಲ್ಲಿ ಒಂದು ದಿನ

ತಮ್ಮನ ಮನೆ ಇರುವುದು ಇಂಗ್ಲೆಂಡಿನ ಸ್ಲೌ ಪಟ್ಟಣದಲ್ಲಿ. ಅಲ್ಲಿಗೆ ಬಂದ ನೆಂಟರೆಲ್ಲ ಪಕ್ಕದ ವಿಂಡ್ಸರ್ ಅರಮನೆ ನೋಡಲು ಓಡುತ್ತಾರೆ. ನಾನು ಮಾತ್ರ "ಸ್ಟೋಕ್ ಹಂಡ್ರೆಡ್ ನೋಡಬೇಕು" ಅಂದೆ. "ಅದೇನಕ್ಕ, ಬಸ್ ನಂಬರಾ?" ಅಂದ. ಆರು ವರ್ಷದಿಂದ ಅದರೊಳಗೇ ಸಂಸಾರ ಮಾಡಿಕೊಂಡಿದ್ದಾನೆ, ಪಾಪ.

ಹಂಡ್ರೆಡ್ ಅಂದರೆ ನಮ್ಮ ಜಿಲ್ಲೆಯಂಥ ಕೌಂಟಿಯೊಳಗಿನ ಒಂದು ಭಾಗ. ಸುಮ್ನೆ ನಮ್ಮ ಹೋಬಳಿ ಅಂದುಕೊಳ್ಳಿ. ಒಂದು ಕುಟುಂಬ ಬದುಕುವಷ್ಟು ಜಮೀನಿಗೆ 'ಹೈಡ್' ಎಂದು ಹೆಸರು. ಅಂಥ 100 ಹೈಡ್ ಸೇರಿದರೆ ಒಂದು ಹಂಡ್ರೆಡ್. ಲೆಕ್ಕದಲ್ಲಿ ಮಾತ್ರ, ನೆಲದ ಮೇಲೆ ಹೆಚ್ಚುಕಮ್ಮಿ ಇದ್ದೇ ಇತ್ತು. ನಮ್ಮ ಶಾಸನಗಳಲ್ಲಿ ಬೆಳ್ವೊಲ 300, ಬನವಾಸಿ 12000 ಅಂತ ಬರುತ್ತದಲ್ಲ, ಹಾಗೆ ಸಂಖ್ಯೆಯೇ ಸೀಮೆಗೆ ಹೆಸರಾಗಿತ್ತು. 10ನೇ ಶತಮಾನದ ಕಟ್ಟಳೆಯ ಪ್ರಕಾರ ನಾಲ್ಕು ವಾರಕ್ಕೊಮ್ಮೆ ಇದರ ಸಭೆ ಸೇರಬೇಕು. ಕಟ್ಟಡ ಗಿಟ್ಟಡ ಏನಿಲ್ಲ. ಯಾವುದೋ ದಿಬ್ಬ, ದೊಡ್ಡ ಮರ, ಹೊಳೆ ದಾಟುವ ಜಾಗ. 1285ರ ಕಾನೂನು ಬಂದ ಮೇಲಂತೂ ದರೋಡೆಕೋರ ಸಿಗದಿದ್ದರೆ ಇಡೀ ಹಂಡ್ರೆಡ್ಡೇ ನಷ್ಟ ತುಂಬಿಕೊಡಬೇಕಿತ್ತು.

ಸ್ಲೌ ಈಗ ಬರ್ಕ್‌ಶೈರ್‌ನಲ್ಲಿದೆ. 1974ರವರೆಗೆ ಬಕಿಂಗ್‌ಹ್ಯಾಮ್‌ಶೈರ್‌ನಲ್ಲಿತ್ತು. ಆ ಕೌಂಟಿಯಲ್ಲಿ 1086ರಲ್ಲಿ ರಾಜ ದೇಶದ ಜಮೀನು ಲೆಕ್ಕ ಹಾಕಿಸಿದ ಡೂಮ್ಸ್‌ಡೇ ಸರ್ವೆ ಹೊತ್ತಿಗೆ 18 ಹಂಡ್ರೆಡ್‌ಗಳಿದ್ದವು. ಮುಂದೆ ಮೂರು ಮೂರನ್ನು ಸೇರಿಸಿ ಒಂದೊಂದು ಮಾಡಿದರು. ದಕ್ಷಿಣದ ಮೂರು ಮಾತ್ರ ಬೇರೆಬೇರೆಯಾಗಿಯೇ ಉಳಿದವು: ಸ್ಟೋಕ್, ಬರ್ನಮ್, ಡೆಸ್‌ಬರೊ. ಇವಕ್ಕೇ ಚಿಲ್ಟರ್ನ್ ಹಂಡ್ರೆಡ್ಸ್ ಎನ್ನುವುದು.

ಬೆಳಗ್ಗೆ ಮೊದಲು ಹೋಗಿದ್ದು ಅಪ್ಟನ್‌ನ ಸೇಂಟ್ ಲಾರೆನ್ಸ್ ಚರ್ಚಿಗೆ. ಪ್ಯಾರಿಷ್ ಅಂದರೆ ಒಂದು ಚರ್ಚಿಗೆ ಸೇರಿದ ಸೀಮೆ. ಅಪ್ಟನ್-ಕಮ್-ಚಾಲ್ವಿ ಪ್ಯಾರಿಷ್‌ನಲ್ಲಿ ಒಂದು ಕಾಲಕ್ಕೆ ಸ್ಲೌ ಬರೀ ಒಂದು ಹಳ್ಳಿ. ಈಗ ಪಟ್ಟಣವೇ ಪ್ಯಾರಿಷ್ಷನ್ನು ನುಂಗಿಕೊಂಡಿದೆ. ಯುರೇನಸ್ ಗ್ರಹ ಕಂಡುಹಿಡಿದ ವಿಲಿಯಂ ಹರ್ಷೆಲ್ ಸಮಾಧಿ ಈ ಚರ್ಚಿನೊಳಗಿದೆ. ತಮ್ಮ 40 ಅಡಿ ಉದ್ದದ ದೂರದರ್ಶಕವನ್ನು ಅವರು ಕಟ್ಟಿದ್ದು ಇದೇ ಸ್ಲೌನಲ್ಲಿ.

ಅಲ್ಲಿಂದ ಸ್ಟೋಕ್ ಪೋಜಸ್ ಸುಮಾರು 5 ಕಿಲೋಮೀಟರ್. ನಡೆದೇ ಹೋದೆ, ಅರ್ಧ ದಾರಿಯಲ್ಲಿ ಮಳೆ ಹಿಡಿಯಿತು. ಹಂಡ್ರೆಡ್ಡಿಗೆ ಹೆಸರು ಕೊಟ್ಟ ಊರು ಇದೇ. ಆದರೆ ಊರ ಹೆಸರು ಓದಿದವರಿಗೆ ನೆನಪಾಗುವುದು ಕವಿ ಥಾಮಸ್ ಗ್ರೇ. ಹಳ್ಳಿಯ ಸ್ಮಶಾನದ ಬಗ್ಗೆ ಅವನು ಬರೆದ ಎಲಿಜಿ, ಅಂದರೆ ಶೋಕಗೀತೆ, ಅಚ್ಚಾಗಿದ್ದು 1751ರಲ್ಲಿ. ಅವನ ಗೋರಿ ಇಲ್ಲಿನ ಸೇಂಟ್ ಜೈಲ್ಸ್ ಚರ್ಚಿನ ಗೋಡೆಗೆ ಒತ್ತಿಕೊಂಡಿದೆ, ಅಮ್ಮನ ಜೊತೆ ಒಂದೇ ಇಟ್ಟಿಗೆಯ ಕಟ್ಟೆಯಲ್ಲಿ. ಪಕ್ಕದ ಹೊಲದಲ್ಲಿ 1799ರಲ್ಲಿ ನಿಲ್ಲಿಸಿದ ಭಾರೀ ಸ್ಮಾರಕವೂ ಇದೆ. ನನಗೆ ಕಟ್ಟೆಯೇ ಜಾಸ್ತಿ ಇಷ್ಟವಾಯಿತು.

ಅದೇ 1751ರಲ್ಲಿ ಇನ್ನೊಂದು ಸಂಗತಿ ನಡೆಯಿತು. ಇಂಗ್ಲೆಂಡಿನ ಸಂಸದರು ರಾಜೀನಾಮೆ ಕೊಡುವಂತಿಲ್ಲ ಎಂದು 1624ರಲ್ಲೇ ನಿರ್ಣಯವಾಗಿತ್ತು. ಆದರೆ ರಾಜನ ಕೆಲಸಕ್ಕೆ ಸೇರಿದರೆ ಸದಸ್ಯತ್ವ ತಾನಾಗಿಯೇ ಹೋಗುತ್ತದೆ. ಈ ಸಂದಿಯಲ್ಲಿ ನುಸುಳಿ ಜಾನ್ ಪಿಟ್ ಎಂಬ ಸಂಸದ ಚಿಲ್ಟರ್ನ್ ಹಂಡ್ರೆಡ್ಸ್‌ನ ಮೇಲ್ವಿಚಾರಕನಾದ. ಕೆಲಸವೇ ಇಲ್ಲದ ಹುದ್ದೆ! ಇವತ್ತಿಗೂ ಇದೇ ಪದ್ಧತಿ. 2007ರಲ್ಲಿ ಟೋನಿ ಬ್ಲೇರ್, 2023ರಲ್ಲಿ ಬೋರಿಸ್ ಜಾನ್ಸನ್ ಹೀಗೇ ಸಂಸತ್ತು ಬಿಟ್ಟರು. ಇತ್ತ ನೆಲದ ಮೇಲೆ ಹಂಡ್ರೆಡ್‌ಗಳ ಕೋರ್ಟು 19ನೇ ಶತಮಾನದಲ್ಲೇ ಮುಗಿಯಿತು. 1894ರಲ್ಲಿ ಜಿಲ್ಲಾ ಕೌನ್ಸಿಲ್‌ಗಳು ಬಂದ ಮೇಲೆ ಯಾರೂ ಕೇಳಲಿಲ್ಲ. ರದ್ದು ಮಾಡುವ ಗೋಜಿಗೂ ಯಾರೂ ಹೋಗಲಿಲ್ಲ.

ಸ್ಮಶಾನದಲ್ಲಿ ಹುಲ್ಲು ಗುಡಿಸುತ್ತಿದ್ದ ಅಜ್ಜನನ್ನು ಸ್ಟೋಕ್ ಹಂಡ್ರೆಡ್‌ನ ಗಡಿ ಎಲ್ಲಿ ಅಂತ ಕೇಳಿದೆ. "ಯಾಕಮ್ಮಾ, ನೀವೂ ರಾಜೀನಾಮೆ ಕೊಡಬೇಕಾ?" ಅಂದು ನಕ್ಕರು. ಗಡಿ ಗೊತ್ತಿರಲಿಲ್ಲ. ತಮ್ಮ ಪ್ಯಾರಿಷ್ ಎಲ್ಲಿ ಮುಗಿಯುತ್ತದೆ ಅಂತ ಮಾತ್ರ ಕೈ ತೋರಿಸಿ ಹೇಳಿದರು. ಮದುವೆ, ಮಣ್ಣು ಎಲ್ಲ ಪ್ಯಾರಿಷ್ ಚರ್ಚಿನ ಪುಸ್ತಕದಲ್ಲಿ 1538ರಿಂದ ಬರೆದಿಡಬೇಕಿತ್ತು. 1601ರ ಕಾನೂನು ಬಂದ ಮೇಲೆ ಬಡವರಿಗೆ ಅನ್ನ ಕೊಡುವ ಹೊಣೆಯೂ ಪ್ಯಾರಿಷ್ಷಿನದೇ. ಮರೆಯುವುದು ಹೇಗೆ?

ಅವರು ತೋರಿಸಿದ ಪಶ್ಚಿಮದ ಕಡೆ ಹೊರಟೆ. ಮುಂದಿನ ಪ್ಯಾರಿಷ್ ಫಾರ್ನಮ್ ರಾಯಲ್, ಅದು ಬರ್ನಮ್ ಹಂಡ್ರೆಡ್‌ಗೆ ಸೇರಿದ್ದು. ಎಲ್ಲಿ ದಾಟಿದೆನೋ ಗೊತ್ತಾಗಲೇ ಇಲ್ಲ. ಕಲ್ಲಿಲ್ಲ, ಬೋರ್ಡಿಲ್ಲ. ಸಂಜೆಗೆ ಬರ್ನಮ್ ಬೀಚಸ್ ಕಾಡು ಸೇರಿದೆ. ಸುತ್ತಲಿನವರು ಸೌದೆಗೆ ಕೊಂಬೆ ಕಡಿದು ಕಡಿದು ಮರಗಳೆಲ್ಲ ಗಿಡ್ಡ, ಬೊಡ್ಡೆ ದಪ್ಪ. 1880ರಲ್ಲಿ ಲಂಡನ್ ನಗರದ ಕಾರ್ಪೊರೇಷನ್ ಕೊಂಡುಕೊಂಡಿದ್ದರಿಂದ ಕಾಡು ಉಳಿಯಿತು.

ಕೊನೆಯ ಬಸ್ಸು ತಪ್ಪಿತ್ತು. ತಮ್ಮನ ಫೋನ್ ಬಂತು. "ಎಲ್ಲಿದ್ದೀಯಕ್ಕ?"

"ಬರ್ನಮ್ ಹಂಡ್ರೆಡ್‌ನಲ್ಲಿ."

"ಪೋಸ್ಟ್ ಕೋಡ್ ಹೇಳು, ಕಾರ್ ತರ್ತೀನಿ."